ಎಡಗಡೆ ಮಾತ್ರ ಸವೆಯುವ ಟೈರು

ಐವತ್ತು ದಾಟಿದ ಗಂಡಸಿನ ಕೈಯಲ್ಲಿ ಯಾವ ವಸ್ತು ಕೆಟ್ಟರೂ ಅದಕ್ಕೆ ಅವನೇ ಕಾರಣ ಎಂದು ಊರು ತೀರ್ಮಾನ ಮಾಡಿಬಿಡುತ್ತದೆ. ಕುರ್ಚಿ ಮುರಿದರೆ ಅವನು ಕೂತ ರೀತಿ ಸರಿಯಿಲ್ಲ. ಕನ್ನಡಕ ಒಡೆದರೆ ಅವನು ಇಟ್ಟ ಜಾಗ ಸರಿಯಿಲ್ಲ. ಇಂಥದ್ದು ನನಗೆ ವಾರಕ್ಕೊಂದು ಆಗುತ್ತಲೇ ಇರುತ್ತದೆ, ನುಂಗಿಕೊಂಡೂ ಇದ್ದೇನೆ. ಆದರೆ ಸೈಕಲ್ ಟೈರಿನ ವಿಷಯದಲ್ಲಿ ನನಗಾದ ಅನ್ಯಾಯವನ್ನು ನುಂಗುವುದಕ್ಕೆ ಆಗುವುದಿಲ್ಲ. ಬರೆದೇ ತೀರಬೇಕು.

ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದ ವೈಷ್ಣವ ಮನೆತನ. ಪುರಸೈವಾಕ್ಕಂನಲ್ಲಿ ಮೂರನೇ ಮಹಡಿಯ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಎಪ್ಪತ್ತಾರು ವರ್ಷದ ನನ್ನ ಅಮ್ಮ. ನನ್ನ ಕೆಲಸ ಕ್ರೋಂಪೇಟೆಯಲ್ಲಿ, ಒಂದು ಶೂ ಕಂಪನಿಯ ಪರೀಕ್ಷಾಲಯದಲ್ಲಿ. ಶೂವಿನ ಅಟ್ಟೆ ಎಷ್ಟು ದಿನಕ್ಕೆ ಸವೆಯುತ್ತದೆ, ಯಾಕೆ ಸವೆಯುತ್ತದೆ ಎಂದು ನೋಡುವುದೇ ಇಪ್ಪತ್ತೆಂಟು ವರ್ಷದಿಂದ ನನ್ನ ಹೊಟ್ಟೆಪಾಡು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸವೆತದ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರೆಲ್ಲ ಇದನ್ನು ತಿಳಿದೇ ಬಂದರು.

ಒಂಬತ್ತು ತಿಂಗಳ ಹಿಂದೆ ಡಾಕ್ಟರು ನನ್ನ ಸಕ್ಕರೆಯ ರಿಪೋರ್ಟು ನೋಡಿ ಮುಖ ಸಿಂಡರಿಸಿದರು. ನಾನು ಒಂದು ರೋಡ್ ಸೈಕಲ್ ಕೊಂಡೆ. ಬಾಗಿದ ಹ್ಯಾಂಡಲ್ಲು, ಬೆರಳು ದಪ್ಪದ ಟೈರು, ಸ್ಟ್ಯಾಂಡ್ ಇಲ್ಲ. ಆರು ತಿಂಗಳಲ್ಲಿ ಸಕ್ಕರೆ ಇಳಿಯಿತು, ಮಾತ್ರೆ ಅರ್ಧವಾಯಿತು, ಅದೇ ಡಾಕ್ಟರು ಎದ್ದು ನಿಂತು ಕೈ ಕುಲುಕಿದರು. ಹಾಗಾಗಿ ಈ ಸೈಕಲ್ ನನಗೆ ಆಟದ ಸಾಮಾನಲ್ಲ. ಆದರೆ ಅದರ ಟೈರು! ವರ್ಷಕ್ಕೂ ಮೇಲೆ ಬರಬೇಕಾದ ಜೋಡಿ ನನಗೆ ನಾಲ್ಕೇ ತಿಂಗಳಿಗೆ ಮುಗಿಯುತ್ತಿತ್ತು. ಅದೂ ಎಡಗಡೆ ಮಾತ್ರ. ಬಲಗಡೆ ಅಂಗಡಿಯಿಂದ ತಂದ ದಿನದ ಗೆರೆಗಳೆಲ್ಲ ಹಾಗೇ ಇರುತ್ತಿದ್ದವು, ಎಡಗಡೆ ನುಣ್ಣಗೆ ಬೋಳು. ಮುಂದಿನದೂ ಹಾಗೇ, ಹಿಂದಿನದೂ ಹಾಗೇ.

೧. ಮೌಂಟ್ ರೋಡಿನಲ್ಲಿ ಒಂದು ಸದ್ದು

ಮೊದಲ ಜೋಡಿ ಸವೆದಾಗ ಸುಮ್ಮನೆ ಬದಲಾಯಿಸಿದೆ. ಎರಡನೇ ಜೋಡಿಯ ಮುಂದಿನ ಟೈರು ಒಂದು ಬೆಳಗ್ಗೆ ಆಫೀಸಿಗೆ ಹೋಗುವಾಗ ಮೌಂಟ್ ರೋಡಿನಲ್ಲಿ, ಸೈದಾಪೇಟೆಯ ಹತ್ತಿರ ಸಿಡಿಯಿತು. ನಾನು ಫುಟ್‌ಪಾತಿನ ಮೇಲೆ ಬಿದ್ದೆ. ನನ್ನ ಕಾಲಿಗೂ ಒಂದು ಸಿಟಿ ಬಸ್ಸಿನ ಚಕ್ರಕ್ಕೂ ಮಧ್ಯೆ ಒಂದು ಮೊಳ ಜಾಗವಿತ್ತು ಅಷ್ಟೆ.

ಆ ಸದ್ದಿಗೆ ರಸ್ತೆಯ ಮೇಲಿದ್ದವರೆಲ್ಲ ನಿಂತರು. ನಿಂತು ಏನು ಮಾಡಿದರು? ಒಬ್ಬೊಬ್ಬರೂ ಇಳಿದು ತಮ್ಮ ತಮ್ಮ ಗಾಡಿಯ ಟೈರು ಒತ್ತಿ ನೋಡಿಕೊಂಡರು. ತಮ್ಮದಲ್ಲ ಎಂದು ಖಾತ್ರಿಯಾದ ಮೇಲೆ ಸಮಾಧಾನದಿಂದ ಹೊರಟುಹೋದರು. ನಾನು ಬಿದ್ದಲ್ಲೇ ಬಿದ್ದಿದ್ದೆ! ಕೊನೆಗೆ ಕೋಯಂಬೇಡು ಮಾರುಕಟ್ಟೆಗೆ ಖಾಲಿ ಹೋಗುತ್ತಿದ್ದ ತರಕಾರಿ ಗಾಡಿಯವನೊಬ್ಬ ನನ್ನನ್ನೂ ಸೈಕಲ್ಲನ್ನೂ ಹಿಂದೆ ಹಾಕಿಕೊಂಡ. ನನ್ನ ಫೋನಿನಿಂದ ನನ್ನ ಹೆಂಡತಿಗೆ ಅವನೇ ಮಾತಾಡಿದ. “ಅಮ್ಮಾ, ಒರು ಸೈಕಲ್, ಒರು ಸಾರ್ ಇರುಕ್ಕು. ಎಂಗೆ ಎರಕ್ಕಣುಂ?” ಎಂದ. ಒಂದು ಸೈಕಲ್ಲು, ಒಂದು ಸಾರು, ಎಲ್ಲಿ ಇಳಿಸಬೇಕು! ನನ್ನನ್ನು ಎರಡನೆಯದಾಗಿ ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ನನ್ನ ಮೊಣಕಾಲಿಗೆ ಔಷಧಿ ಹಚ್ಚುತ್ತಲೇ ಹೆಂಡತಿ ತೀರ್ಪು ಕೊಟ್ಟಳು. “ರೀ, ಇನ್ನೊಂದೇ ಜೋಡಿ. ಅದೂ ಹೀಗೇ ಸವೆದರೆ ಈ ಸೈಕಲ್ ಅಂಬತ್ತೂರಿಗೆ, ನನ್ನ ತಮ್ಮನ ಮನೆಗೆ. ನಿಮ್ಮ ಸಕ್ಕರೆ ನಡೆದು ಇಳಿಸ್ಕೊಳ್ಳಿ. ಬಸ್ಸಿನ ಕೆಳಗೆ ಹೋದ್ಮೇಲೆ ಸಕ್ಕರೆ ಕಡಿಮೆ ಆಗಿ ಏನು ಪ್ರಯೋಜನ?” ಅವಳ ಕಣ್ಣಲ್ಲಿ ನೀರಿತ್ತು, ಆದ್ದರಿಂದ ಎದುರಾಡಲಿಲ್ಲ. ಆದರೆ ಅವಳ ತಮ್ಮ! ಅವನ ಮನೆಯಲ್ಲಿ ವ್ಯಾಯಾಮಕ್ಕೆಂದು ಕೊಂಡ ಟ್ರೆಡ್‌ಮಿಲ್ ಒಂದಿದೆ, ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ. ನನ್ನ ಸೈಕಲ್ಲಿಗೂ ಅದೇ ಗತಿ.

ಅರ್ಧ ಗಂಟೆಯಲ್ಲಿ ಅವನ ಫೋನು ಬಂತು. “ಭಾವಾ, ಬಿದ್ರಂತೆ. ಅಕ್ಕ ಹೇಳಿದ್ಲು, ಕೇಳಿ ಬೇಜಾರಾಯ್ತು. ರೆಸ್ಟ್ ತಗೊಳ್ಳಿ, ಆಯ್ತಾ? ಅಂದ್ಹಾಗೆ, ಸೈಕಲ್ಲಿಗೆ ಬೆಲ್ ಇದೆಯಾ, ಇಲ್ಲಾ ನಾನೇ ಹಾಕಿಸ್ಕೋಬೇಕಾ?”

೨. ಭಾರ ಎಲ್ಲಿದೆ

ಮೂರನೇ ಜೋಡಿ ಹಾಕಿಸಲು ಹೋದಾಗ ಸೈಕಲ್ ಅಂಗಡಿಯ ಮೆಕ್ಯಾನಿಕ್ಕು ಹಳೇ ಟೈರನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನ ಹೊಟ್ಟೆ ನೋಡಿದ. ಮತ್ತೆ ಟೈರು ನೋಡಿದ.

“ವೆಯ್ಟು, ಸಾರ್” ಎಂದ.

ಮೈ ಉರಿದುಹೋಯಿತು. ಒಂಬತ್ತು ಕಿಲೋ ಇಳಿಸಿಕೊಂಡು ಪ್ಯಾಂಟೆಲ್ಲ ಹೊಲಿಸಿ ಚಿಕ್ಕದು ಮಾಡಿಸಿಕೊಂಡ ಮನುಷ್ಯ ನಾನು. “ಏನಪ್ಪಾ, ತೂಕಕ್ಕೆ ಸವೆದರೆ ಮಧ್ಯದಲ್ಲಿ ಸವೆಯಬೇಕು. ಹಿಂದಿನದು ಜಾಸ್ತಿ, ಮುಂದಿನದು ಕಡಿಮೆ ಸವೆಯಬೇಕು. ಇದು ಎರಡೂ ಒಂದೇ ಸಮ, ಎಡಗಡೆ ಮಾತ್ರ ಸವೆದಿದೆ. ನನ್ನ ತೂಕ ಎಡಗಡೆ ಮಾತ್ರ ಇದೆಯಾ?” ಎಂದು ಕೇಳಿದೆ.

ಅವನು ಇದನ್ನು ಪ್ರಶ್ನೆ ಎಂದೇ ತಿಳಿದ. ಸ್ಪ್ಯಾನರಿನಿಂದ ಗದ್ದ ಕೆರೆದುಕೊಂಡು, ನನ್ನ ಸುತ್ತ ಒಂದು ಸುತ್ತು ಬಂದು, “ಪರ್ಸು ಯಾವ ಜೇಬಲ್ಲಿ ಇಡ್ತೀರಾ, ಸಾರ್?” ಎಂದ.

ಇಂಥ ತಲೆಬುಡವಿಲ್ಲದ ಮಾತಿಗೆ ಉತ್ತರ ಕೊಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿ, ಹೊಸ ಜೋಡಿ ಹಾಕಿಸಿಕೊಂಡು, ಹಳೇದನ್ನೂ ಎತ್ತಿಕೊಂಡು ಹೊರಟುಬಂದೆ. ರಸ್ತೆ ತಿರುವಿನಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಪರ್ಸನ್ನು ಎಡಗಡೆ ಜೇಬಿನಿಂದ ತೆಗೆದು ಬಲಗಡೆಗೆ ಹಾಕಿಕೊಂಡೆ.

೩. ನಲವತ್ತು ಜನ ನೋಡಿದ ಹಿಂಭಾಗ

ಭಾನುವಾರ ಬೆಳಗ್ಗೆ ಸಮುದ್ರದ ಪಕ್ಕದ ಈಸಿಆರ್ ರಸ್ತೆಯಲ್ಲಿ ನಾವೊಂದಷ್ಟು ಜನ ಗುಂಪಾಗಿ ಸೈಕಲ್ ಹೊಡೆಯುತ್ತೇವೆ. ನಮ್ಮ ಗುಂಪಿನ ನಾಯಕನಿಗೆ ಇನ್ನೂ ಮೂವತ್ತು. ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ, ಬಾಯಲ್ಲಿ ಒಂದು ಚೂರು ದಾಕ್ಷಿಣ್ಯವಿಲ್ಲ. ಅವನಿಗೆ ಟೈರಿನ ವಿಷಯ ಹೇಳಿ ತಪ್ಪು ಮಾಡಿದೆ. “ಅಂಕಲ್, ನೀವು ಮುಂದೆ ಹೋಗಿ, ನಾನು ಹಿಂದಿನಿಂದ ನೋಡ್ತೀನಿ” ಎಂದ.

ನೋಡುತ್ತಾನೆ ಎಂದುಕೊಂಡೆ. ಅವನು ವೀಡಿಯೋ ಮಾಡಿದ! ಮಾಡಿ, ನನ್ನ ಹಿಂಭಾಗದ ಮೇಲೆ ಒಂದು ಕೆಂಪು ಗೆರೆ, ಎರಡು ಬಾಣ ಎಳೆದು, ‘ಅಂಕಲ್ ಸೊಂಟ ಎಡಕ್ಕೆ ವಾಲಿದೆ, ನಿಮ್ಮ ಅಭಿಪ್ರಾಯ?’ ಎಂದು ಗುಂಪಿನ ವಾಟ್ಸಾಪಿಗೆ ಹಾಕಿದ. ನಲವತ್ತು ಜನ ಇದ್ದಾರೆ ಅದರಲ್ಲಿ. ಇಡೀ ಭಾನುವಾರ ನಲವತ್ತು ಜನ ನನ್ನ ಹಿಂಭಾಗದ ಬಗ್ಗೆ ಅಭಿಪ್ರಾಯ ಹೇಳಿದರು. ಒಬ್ಬ ದಂತವೈದ್ಯರು ಸಹ ಹೇಳಿದರು. ಅವರಿಗೇನು ಸಂಬಂಧ ಸ್ವಾಮಿ? ನಾನು ಕೋಪದಿಂದ ಗುಂಪು ಬಿಟ್ಟೆ. ಐದು ನಿಮಿಷದಲ್ಲಿ ಮತ್ತೆ ಸೇರಿಸಿ, ಇನ್ನೊಂದು ಕೋನದ ವೀಡಿಯೋ ಹಾಕಿದರು.

ಮನೆಯಲ್ಲಿ ಪ್ರತಿ ಭಾನುವಾರ ಹೆಂಡತಿ ಹೊಸ ಟೈರಿನ ಮೇಲೆ ಹೆಬ್ಬೆರಳು ಸವರಿ ಪರೀಕ್ಷೆ ಮಾಡುತ್ತಿದ್ದಳು. ನಾಲ್ಕನೇ ವಾರಕ್ಕೆ ಎಡಗಡೆ ಗೆರೆಗಳು ತೆಳ್ಳಗಾಗಿದ್ದವು. ಅವಳು ನೇರವಾಗಿ ತಮ್ಮನಿಗೆ ಫೋನು ಮಾಡಲು ಒಳಗೆ ಹೋದಳು. ಮಾನ ಮರ್ಯಾದೆ ಬದಿಗಿಟ್ಟು ಒಬ್ಬ ಫಿಸಿಯೋ ಹತ್ತಿರ ಹೋದೆ.

ಆತ ನನ್ನನ್ನು ಒಂಟಿಕಾಲಲ್ಲಿ ನಿಲ್ಲಿಸಿದ, ಗೋಡೆಗೆ ಒತ್ತಿದ, ಟೇಪು ಹಿಡಿದು ಎರಡೂ ಕಾಲು ಅಳೆದ. ಸೊಂಟ ನೆಟ್ಟಗಿದೆ, ಕಾಲು ಎರಡೂ ಸಮ ಎಂದ. ನನಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, “ತಲೆ ಮಾತ್ರ ಸ್ವಲ್ಪ ಬಲಕ್ಕೆ ತಪ್ಪಿಸಿಕೊಂಡು ಹೋಗ್ತಿದೆ, ಸಾರ್. ಮನೇಲಿ ಮೇಡಂ ನಿಮ್ಮ ಎಡಗಡೆ ಕೂತು ಮಾತಾಡ್ತಾರಾ?” ಎಂದ.

೪. ಭೂತಗನ್ನಡಿಯ ಕೆಳಗೆ

ಇಷ್ಟಾದ ಮೇಲೆ ನನಗೆ ಬುದ್ಧಿ ಬಂತು. ಜಗತ್ತಿನ ಶೂಗಳನ್ನೆಲ್ಲ ಭೂತಗನ್ನಡಿಯ ಕೆಳಗೆ ಇಟ್ಟು ನೋಡುವ ನಾನು ನನ್ನ ಟೈರನ್ನು ಯಾಕೆ ನೋಡಿಲ್ಲ? ಸಿಡಿದ ಟೈರನ್ನು ಚೀಲದಲ್ಲಿ ಹಾಕಿಕೊಂಡು ಕ್ರೋಂಪೇಟೆಗೆ ಲೋಕಲ್ ಟ್ರೈನಿನಲ್ಲಿ ಹೋದೆ. ನಮ್ಮ ಮೇಲಧಿಕಾರಿ ಮೇಡಂ ನಿವೃತ್ತಿಯ ಹತ್ತಿರ ಇರುವವರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರೇ ನೋಡುತ್ತೇನೆಂದು ಕೂತರು. ಹತ್ತು ನಿಮಿಷ ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

“ನೀವು ಸೈಕಲ್ ಅಡ್ಡಡ್ಡ ಹೊಡೀತೀರಾ?” ಎಂದು ಕೇಳಿದರು.

“ಇಲ್ಲ ಮೇಡಂ, ಎಲ್ಲರ ಹಾಗೆ ಉದ್ದಕ್ಕೇ ಹೊಡೀತೀನಿ.”

“ಹಾಗಾದರೆ ಗೀರು ಉದ್ದಕ್ಕೆ ಬೀಳಬೇಕು. ಇಲ್ಲಿ ಎಲ್ಲಾ ಅಡ್ಡಕ್ಕೆ ಬಿದ್ದಿದೆ. ಇದು ಓಡಿ ಸವೆದ ಟೈರಲ್ಲ. ಯಾರೋ ಕೂತು ಉಜ್ಜಿದ್ದಾರೆ. ತಂತಿಯಿಂದ.”

ಅಬ್ಬ! ನನ್ನ ತೂಕವಲ್ಲ, ಸೊಂಟವಲ್ಲ, ಪರ್ಸೂ ಅಲ್ಲ. ನನ್ನ ಟೈರು ಉಜ್ಜುವ ಕೇಡಿಗ ಒಬ್ಬನಿದ್ದಾನೆ! ಯಾರು ಎನ್ನುವುದಕ್ಕೆ ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ಎರಡನೇ ಮಹಡಿಯ ನಿವೃತ್ತ ಅಧಿಕಾರಿ. ನಾನು ಲಿಫ್ಟಿನಲ್ಲಿ ಸೈಕಲ್ ತಂದಾಗಲೆಲ್ಲ ಅವರು ಗೋಡೆಗೆ ಅಂಟಿಕೊಂಡು ನಿಂತು ಉಸಿರು ಬಿಗಿಹಿಡಿಯುತ್ತಾರೆ, ಲಿಫ್ಟು ಕೊಳೆಯಾಗುತ್ತದೆಂದು ಜಗಳವನ್ನೂ ತೆಗೆದಿದ್ದಾರೆ. ಸಂಜೆ ನೇರವಾಗಿ ಅವರ ಬಾಗಿಲು ತಟ್ಟಿದೆ. ಟೈರನ್ನು ಮುಖಕ್ಕೆ ಹಿಡಿದು, “ಇದೇನು ಸಾರ್ ಇದು? ಲಿಫ್ಟಿನ ಜಗಳವನ್ನು ಟೈರಿನ ಮೇಲೆ ತೀರಿಸ್ಕೋತೀರಾ?” ಎಂದು ಕೂಗಾಡಿದೆ.

ಅವರು ಶಾಂತವಾಗಿ ತಮಿಳಿನಲ್ಲಿ ಹೇಳಿದರು. “ನಿಮ್ಮ ಸೈಕಲ್ಲು ಇರೋದು ನಿಮ್ಮ ಮನೆಯೊಳಗೆ. ನಿಮ್ಮ ಮನೆ ಇರೋದು ಮೂರನೇ ಮಹಡಿಯಲ್ಲಿ. ಬಾಗಿಲಿಗೆ ಎರಡು ಚಿಲಕ. ನಾನು ಪೈಪು ಹಿಡಿದು ಹತ್ತಿ, ಕಿಟಕಿಯಿಂದ ಒಳಗೆ ಬಂದು, ನಿಮ್ಮ ಟೈರು ಉಜ್ಜಿ, ಮತ್ತೆ ಪೈಪು ಹಿಡಿದು ಇಳೀತೀನಿ ಅಂತೀರಾ? ನನಗೆ ಎರಡೂ ಮಂಡಿ ಆಪರೇಷನ್ ಆಗಿದೆ.”

ನಾನು ಟೈರನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಅವರು ಸುಮ್ಮನಿದ್ದಿದ್ದರೆ ಅವರ ದೊಡ್ಡತನ ಎನ್ನಬಹುದಿತ್ತು. ಮಾರನೇ ಬೆಳಗ್ಗೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನೋಟೀಸು ಅಂಟಿಸಿದ್ದರು: ‘ಮೂರನೇ ಮಹಡಿಯವರ ಟೈರನ್ನು ಸಂಘದ ಯಾವ ಪದಾಧಿಕಾರಿಯೂ ಮುಟ್ಟಿರುವುದಿಲ್ಲ.’ ಕೆಳಗೆ ಸಹಿ, ಸೀಲು.

೫. ನಲ್ಲಿ ಬಿಟ್ಟು ಹಿಡಿದ ಕಳ್ಳ

ಆದರೆ ಅವರ ಮಾತಿನಲ್ಲಿ ಸತ್ಯವಿತ್ತು. ಸೈಕಲ್ ಇರುವುದು ಮನೆಯೊಳಗೆ. ಹಾಗಾದರೆ ಕಳ್ಳನೂ ಮನೆಯೊಳಗೇ ಇರಬೇಕು.

ಹೆಚ್ಚು ದಿನವಿರಲಿಲ್ಲ. ಬರುವ ಭಾನುವಾರ ಮಧ್ಯಾಹ್ನ ಹೆಂಡತಿಯ ತಮ್ಮ ಊಟಕ್ಕೆ ಬರುವವನಿದ್ದ. ಊಟ ಒಂದು ನೆಪ, ವಾಪಸ್ಸು ಹೋಗುವಾಗ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗುವುದೆಂದು ಅಕ್ಕ ತಮ್ಮ ಮಾತಾಡಿಕೊಂಡಿದ್ದು ನನಗೆ ಗೊತ್ತಿತ್ತು. ಆ ದಿನ ಬೆಳಗ್ಗೆ ಸವಾರಿ ಮುಗಿಸಿ ಬಂದವನೇ ಸೈಕಲ್ಲನ್ನು ನಡುಮನೆಯ ಗೋಡೆಗೆ, ದೇವರ ಮನೆಯ ಎದುರಿಗೆ, ಎಂದಿನಂತೆ ಒರಗಿಸಿದೆ. “ಸ್ನಾನಕ್ಕೆ ಹೋಗ್ತಿದೀನಿ” ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗಿದೆ. ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನಲ್ಲಿ ಬಿಟ್ಟು, ಬಾಗಿಲನ್ನು ಒಂದು ಬೆರಳಷ್ಟು ತೆರೆದು, ಟವೆಲ್ ಸುತ್ತಿಕೊಂಡು ಕಾದು ನಿಂತೆ.

ಎರಡು ನಿಮಿಷವಾಗಿರಬೇಕು. ನಮ್ಮಮ್ಮ ಬಂದಳು.

ಒಂದು ಕೈಯಲ್ಲಿ ಮಣೆ, ಇನ್ನೊಂದು ಕೈಯಲ್ಲಿ ಸೋಪಿನ ನೀರಿನ ತಂಬಿಗೆ, ಕಂಕುಳಲ್ಲಿ ದೋಸೆ ಕಾವಲಿ ಉಜ್ಜುವ ತಂತಿ ಬ್ರಷ್ಷು. ಸೈಕಲ್ ಪಕ್ಕದಲ್ಲಿ ಮಣೆ ಹಾಕಿ ಕೂತಳು, ಸೆರಗು ಸಿಕ್ಕಿಸಿಕೊಂಡಳು, ಉಜ್ಜುವುದಕ್ಕೆ ಶುರುಮಾಡಿದಳು. ಅದೇನು ಶ್ರದ್ಧೆ! ಅದೇನು ಬಲ! ಸಂಜೆಯಾದರೆ ಭುಜ ನೋವು, ಮುಲಾಮು ಹಚ್ಚು ಎನ್ನುವುದು ಯಾಕೆಂದು ಆಗ ತಿಳಿಯಿತು. ನಡುವೆ ತಲೆಯೆತ್ತದೆಯೇ ಬಚ್ಚಲ ಕಡೆಗೆ ಕೂಗಿದಳು. “ಏನೋ ಅದು, ಬಕೆಟ್ ತುಂಬಿ ನೀರು ಹರೀತಿರೋ ಸದ್ದು? ಈ ಊರಲ್ಲಿ ನೀರಿಗೆ ಲಾರಿ ಕಾದಿದ್ದು ಮರ್ತೋಯ್ತಾ?”

ನಾನು ಟವೆಲ್ಲಿನಲ್ಲೇ ಹೊರಗೆ ಹಾರಿದೆ. “ಅಮ್ಮಾ! ಏನು ಮಾಡ್ತಿದೀಯ?”

“ಕಾಣಲ್ವಾ? ಚಕ್ರ ತೊಳೀತಿದೀನಿ.”

“ದಿನಾನೂ ತೊಳೀತೀಯಾ?”

“ನೀನು ದಿನಾ ತರ್ತೀಯ, ನಾನು ದಿನಾ ತೊಳೀತೀನಿ. ಬೀದಿ ನಾಯಿ ಮಾಡಿದ್ದು, ಕಂಡೋರು ಉಗುಳಿದ್ದು, ಕೊಳೆತ ಕೋಸು, ಎಲ್ಲಾ ತುಳ್ಕೊಂಡು ಬಂದು ನೇರಾ ದೇವರ ಮನೆ ಎದುರಿಗೆ ನಿಲ್ಲಿಸ್ತೀಯ. ಸ್ನಾನ ಮಾಡಿ ಮಡಿ ಉಟ್ಟು ನಾನು ಇದನ್ನ ದಾಟ್ಕೊಂಡು ಪೂಜೆಗೆ ಹೋಗ್ಬೇಡ್ವೇನೋ? ಅದಕ್ಕೇ ನನ್ನ ಸ್ನಾನಕ್ಕೆ ಮುಂಚೆ ಇದರ ಸ್ನಾನ ಮುಗಿಸ್ತೀನಿ.”

“ಬಟ್ಟೇಲಿ ಒರೆಸಿದ್ರೆ ಸಾಲದಾ? ತಂತಿ ಬ್ರಷ್ ಯಾಕಮ್ಮಾ?”

“ಮೊದ್ಲು ಬಟ್ಟೇಲೇ ಒರೆಸ್ದೆ ಕಣೋ. ಬಟ್ಟೆ ಕರಿಯಾಯ್ತು. ಆಮೇಲೆ ತೆಂಗಿನ ನಾರಲ್ಲಿ ಉಜ್ದೆ. ನಾರೂ ಕರಿಯಾಯ್ತು. ಕರಿ ನೀರು ಬರೋದು ನಿಂತ್ರೆ ತಾನೇ ಶುದ್ಧ ಆಯ್ತು ಅಂತ? ಒಂಬತ್ತು ತಿಂಗಳಿಂದ ಉಜ್ತಾನೇ ಇದೀನಿ, ಇವತ್ತಿಗೂ ಕರಿ ಬರೋದು ನಿಂತಿಲ್ಲ. ಎಂಥಾ ಗಲೀಜು ಸೈಕಲ್ಲೋ ಇದು! ಎರಡು ಸಲ ಚಕ್ರ ಬದಲಾಯ್ಸಿದ್ರೂ ಬುದ್ಧಿ ಬಂದಿಲ್ಲ ಇದಕ್ಕೆ!”

“ಅಮ್ಮಾ, ಅದು ರಬ್ಬರು! ಅದರ ಬಣ್ಣವೇ ಕಪ್ಪು! ಒಳಗಿನ ಗಾಳಿ ಸಿಗೋವರೆಗೂ ಉಜ್ಜಿದ್ರೂ ಕಪ್ಪೇ ಬರೋದು!”

ಕೂಗಾಟ ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದಳು, ಮಗಳು ಕೋಣೆಯಿಂದ ಬಂದಳು. ಮಗಳಿಗೆ ಆಶ್ಚರ್ಯವೇ ಇಲ್ಲ. “ಪಾಟಿ ಡೈಲಿ ಪಣ್ಣುವಾಂಗಳೇಪ್ಪಾ. ನೀಂಗ ಕೇಕ್ಕವೇ ಇಲ್ಲಯೇ” ಎಂದಳು. ಅಜ್ಜಿ ದಿನಾ ಮಾಡುತ್ತಾಳಂತೆ, ನಾನು ಕೇಳಲೇ ಇಲ್ಲವಂತೆ! ಅರ್ಧ ಮದರಾಸನ್ನು ಕೇಳಿ ಬಂದಿದ್ದೆ, ಮನೆಯಲ್ಲಿ ಕೇಳಿರಲಿಲ್ಲ. ಹೆಂಡತಿಯ ಕಡೆ ತಿರುಗಿದೆ. ಅವಳು ಕಣ್ಣು ತಪ್ಪಿಸಿ, “ಅತ್ತೆ ತೊಳೀತಾರೆ ಅಂತ ಗೊತ್ತಿತ್ತು. ಮನೆ ಸ್ವಚ್ಛವಾಗಿರತ್ತಲ್ಲ ಅಂತ ನಾನೂ ಸುಮ್ನಿದ್ದೆ. ತಂತಿ ಬ್ರಷ್ಷಲ್ಲಿ ಅಂತ ಗೊತ್ತಿರಲಿಲ್ಲ ರೀ” ಎಂದಳು.

ಎಡಗಡೆಯೇ ಯಾಕೆ ಎನ್ನುವುದೂ ಆಗ ಕಣ್ಣ ಮುಂದೆಯೇ ಇತ್ತು. ಸೈಕಲ್ಲಿನ ಚೈನು ಬಲಗಡೆ ಇರುತ್ತದೆ. ಓಡಾಡುವಾಗ ಸೀರೆಗೆ ಗ್ರೀಸು ಹತ್ತುತ್ತದೆ, ಚೈನು ಗೋಡೆ ಕಡೆಗೇ ಇರಬೇಕು ಎಂದು ಮೊದಲ ದಿನವೇ ಹೆಂಡತಿ ಆಜ್ಞೆ ಮಾಡಿದ್ದಳು. ಹಾಗಾಗಿ ಒಂಬತ್ತು ತಿಂಗಳು ಅಮ್ಮನ ಕೈಗೆ ಸಿಕ್ಕಿದ್ದು ಎಡಗಡೆ ಮಾತ್ರ.

ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಬಸ್ಸಿನ ಕೆಳಗೆ ಹೋಗುತ್ತಿದ್ದೆ, ಸೈಕಲ್ ಅಂಬತ್ತೂರಿಗೆ ಹೋಗುತ್ತಿತ್ತು, ಸಕ್ಕರೆ ಮತ್ತೆ ಏರುತ್ತಿತ್ತು, ಎಲ್ಲಾ ಒಂದು ಬ್ರಷ್ಷಿನಿಂದ ಎಂದೆ. ಅಮ್ಮ ಬ್ರಷ್ ಕೆಳಗಿಟ್ಟಳು. ಅವಳ ಮುಖ ಚಿಕ್ಕದಾಯಿತು. “ಬಸ್ಸಿನ ಹತ್ರ ಬಿದ್ದಿದ್ದು ಇದಕ್ಕೇನಾ?” ಎಂದು ಮೆಲ್ಲಗೆ ಕೇಳಿದಳು. ಒದ್ದೆ ಕೈಯಿಂದಲೇ ನನ್ನ ಮೊಣಕಾಲಿನ ಗಾಯದ ಕಲೆ ಮುಟ್ಟಿದಳು. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಹೆಂಡತಿಯೂ ಕರಗಿದಳು. “ಸೈಕಲ್ ಎಲ್ಲೂ ಹೋಗೋದು ಬೇಡ ಬಿಡಿ” ಎಂದು ಫೋನು ತೆಗೆದುಕೊಂಡು, ಊಟಕ್ಕೆ ಬಾ, ಹಗ್ಗ ತರಬೇಡ ಎಂದು ತಮ್ಮನಿಗೆ ಹೇಳಿದಳು.

ಅಮ್ಮ ಬಗ್ಗಿ ಬೋಳಾದ ಎಡಗಡೆ ನೋಡಿದಳು. ಗೋಡೆಯ ಸಂದಿಯಲ್ಲಿ ಕತ್ತು ತೂರಿಸಿ ಗೆರೆ ಗೆರೆಯಾಗಿದ್ದ ಬಲಗಡೆಯನ್ನೂ ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಂಬಿಗೆಯ ನೀರಿನಲ್ಲಿ ಬ್ರಷ್ಷನ್ನು ಚೆನ್ನಾಗಿ ಅದ್ದಿ ಒದರಿ ಎದ್ದು ನಿಂತಳು.

“ನಿನಗೆ ಅಪಾಯ ಆಗೋ ಹಾಗಿದ್ರೆ ಈ ಪಕ್ಕ ನಾನು ಇನ್ನು ಮುಟ್ಟೋಲ್ಲ, ಆಣೆ” ಎಂದಳು. “ನಾಳೆಯಿಂದ ತಿರುಗಿಸಿ ನಿಲ್ಲಿಸು. ಆ ಪಕ್ಕ ನಾನಿನ್ನೂ ಶುರುವೇ ಮಾಡಿಲ್ಲ.”